ಹಳೆಯ ಗೆಳೆಯ ಬಂದಾಗ ಊರು ತೋರಿಸುವುದು ಹೇಗೆ: ಹಾಸನ, ಚಿಕ್ಕಮಗಳೂರಿನವರಿಗೆ

ಡಿಸೆಂಬರ್ ಹತ್ತಿರವಾದಂತೆ ನನಗೆ ಒಂದೇ ಬಗೆಯ ಕರೆಗಳು ಬರತೊಡಗುತ್ತವೆ. "ಹಾಸ್ಟೆಲಿನಲ್ಲಿ ಜೊತೆಗಿದ್ದವನು ಇಪ್ಪತ್ತು ವರ್ಷದ ಮೇಲೆ ಬರುತ್ತಿದ್ದಾನೆ, ಮೂರು ದಿನ ಇರುತ್ತಾನೆ, ಎಲ್ಲೆಲ್ಲಿಗೆ ಕರೆದುಕೊಂಡು ಹೋಗಲಿ?" ಕೇಳುವವರು ಹೊರಗಿನವರಲ್ಲ, ಇಲ್ಲಿಯೇ ಹುಟ್ಟಿ ಬೆಳೆದವರು. ಬೇಲೂರಿನ ಗುಡಿಯನ್ನು ಶಾಲೆಯ ಪ್ರವಾಸದಲ್ಲಿ ನೋಡಿದ್ದೇ ಕೊನೆ. ಮುಳ್ಳಯ್ಯನಗಿರಿಯನ್ನು ದಿನವೂ ತಾರಸಿಯಿಂದ ನೋಡುತ್ತಾರೆ, ಹತ್ತಿ ಎಷ್ಟು ವರ್ಷವಾಯಿತೆಂದು ಕೇಳಿದರೆ ಬೆರಳು ಮಡಿಸಿ ಲೆಕ್ಕ ಹಾಕುತ್ತಾರೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅದನ್ನೇ ಹೇಳಿ ಹೇಳಿ ಸಾಕಾಗಿ ಈ ಬಾರಿ ಬರೆದೇ ಇಡುತ್ತಿದ್ದೇನೆ.

ಇದು ಪ್ರವಾಸಿಗರಿಗೆ ಬರೆದದ್ದಲ್ಲ. ಮನೆ ಇಲ್ಲೇ ಇರುವ, ಗೆಳೆಯನಿಗೆ ಮಲಗಲು ಒಂದು ಕೋಣೆ ಕೊಡಬಲ್ಲ, ಸ್ವಂತ ಅಥವಾ ಬಾಡಿಗೆ ವಾಹನವೊಂದನ್ನು ಹೊಂದಿಸಬಲ್ಲ ಆತಿಥೇಯರಿಗೆ ಬರೆದದ್ದು.

1. ಬರುವ ಮೊದಲೇ ಕೇಳಿಕೊಳ್ಳಿ

ಮೊದಲ ಪ್ರಶ್ನೆ ತಿಂಗಳು. ಗೆಳೆಯ ಯಾವಾಗ ಬರುತ್ತಾನೆ ಎನ್ನುವುದರ ಮೇಲೆ ನೀವು ತೋರಿಸುವ ಊರೇ ಬೇರೆಯಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಕಾಫಿ ಕೊಯ್ಲು, ತೋಟಗಳಲ್ಲಿ ಜನ, ಕಣಗಳಲ್ಲಿ ಹಣ್ಣು, ಬೆಳಗ್ಗೆ ಒಳ್ಳೆಯ ಚಳಿ. ಮಾರ್ಚ್, ಏಪ್ರಿಲ್‌ನಲ್ಲಿ ಬಿಸಿಲು ಹೆಚ್ಚು. ಆದರೆ ಹೂಮಳೆ ಬಿದ್ದರೆ ಅದಕ್ಕೆ ಸಮನಾದದ್ದಿಲ್ಲ. ಹೂಮಳೆ ಎಂದರೆ ಕಾಫಿ ಮೊಗ್ಗನ್ನು ಅರಳಿಸುವ ಬೇಸಿಗೆಯ ಮೊದಲ ಮಳೆ. ಅದು ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ, ಮಲ್ಲಿಗೆಗೆ ಹತ್ತಿರದ ಪರಿಮಳ ರಸ್ತೆಯವರೆಗೂ ಬರುತ್ತದೆ. ಎರಡು ಮೂರು ದಿನಗಳಲ್ಲಿ ಹೂವು ಕಂದಿಹೋಗುತ್ತದೆ. ಆದ್ದರಿಂದ ಹೂವಿನ ಭರವಸೆ ಕೊಟ್ಟು ಯಾರನ್ನೂ ಕರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಬಯಲುಸೀಮೆಯ ಗೆಳೆಯನಿಗೆ ಅದು ಹಬ್ಬ. ಕರಾವಳಿಯವನಿಗೆ ಅಲ್ಲ, ಅವನು ಮಳೆಯನ್ನು ಮನೆಯಲ್ಲೇ ಬೇಕಾದಷ್ಟು ನೋಡಿರುತ್ತಾನೆ. ನನ್ನ ಮಟ್ಟಿಗೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗಿನ ಕಾಲ ಎಲ್ಲಕ್ಕಿಂತ ಒಳ್ಳೆಯದು. ಹಸಿರು ಇನ್ನೂ ಇರುತ್ತದೆ, ಆಕಾಶ ತೊಳೆದಂತಿರುತ್ತದೆ.

ಎರಡನೆಯದು ಮಂಡಿ. ಸಂಕೋಚವಿಲ್ಲದೆ ಕೇಳಿ. ಕಾಲೇಜಿನಲ್ಲಿ ಕಬಡ್ಡಿ ಆಡುತ್ತಿದ್ದವನು ಎಂಬ ನೆನಪಿನ ಮೇಲೆ ಮೆಟ್ಟಿಲು ಹತ್ತಿಸಲು ಹೊರಡಬೇಡಿ. ನಮ್ಮಲ್ಲಿ ನೋಡಬೇಕಾದದ್ದರಲ್ಲಿ ಅರ್ಧ ಮೆಟ್ಟಿಲಿನ ಮೇಲಿದೆ.

ಮೂರನೆಯದು, ಜೊತೆಯಲ್ಲಿ ಯಾರು ಬರುತ್ತಾರೆ ಎಂಬುದು. ಒಬ್ಬನೇ ಬರುವವನಿಗೂ ಹೆಂಡತಿ ಮಕ್ಕಳೊಂದಿಗೆ ಬರುವವನಿಗೂ ಯೋಜನೆ ಒಂದೇ ಆಗಲಾರದು. ಘಟ್ಟದ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವ ಮಗುವೊಂದಿದ್ದರೆ ಗಿರಿಯ ದಿನವನ್ನು ಬೇರೆಯೇ ರೀತಿ ಹೂಡಬೇಕಾಗುತ್ತದೆ.

ಎಚ್ಚರಿಕೆ: ಶನಿವಾರ, ಭಾನುವಾರ ಮತ್ತು ಸಾಲು ರಜೆಗಳನ್ನು ತಪ್ಪಿಸಿ. ಬೆಂಗಳೂರಿನಿಂದ ಹಾಸನಕ್ಕೆ ಸುಮಾರು 185 ಕಿಲೋಮೀಟರ್, ಚಿಕ್ಕಮಗಳೂರಿಗೆ ಸುಮಾರು 245. ಶುಕ್ರವಾರ ರಾತ್ರಿ ಹೊರಟವರೆಲ್ಲ ಶನಿವಾರ ಬೆಳಗ್ಗೆ ಗಿರಿಯ ರಸ್ತೆಯಲ್ಲಿರುತ್ತಾರೆ. ಮಂಗಳವಾರದಿಂದ ಗುರುವಾರದವರೆಗೆ ಬರುವಂತೆ ಹೇಳಿ. ದೀಪಾವಳಿಯ ಆಸುಪಾಸಿನಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ದಿನಗಳಲ್ಲಿ ಹಾಸನ ನಗರದ ಹೋಟೆಲು, ಬೀದಿ ಎಲ್ಲವೂ ಭಕ್ತರಿಂದ ತುಂಬಿರುತ್ತವೆ. ವರ್ಷಕ್ಕೊಮ್ಮೆ ಕೆಲವೇ ದಿನ ತೆರೆಯುವ ಗುಡಿ ಅದು. ಗೆಳೆಯನಿಗೆ ದೇವಿಯ ದರ್ಶನವೇ ಬೇಕಿದ್ದರೆ ಸರಿ, ಇಲ್ಲವಾದರೆ ಆ ವಾರ ಬಿಟ್ಟುಬಿಡಿ. ಡಿಸೆಂಬರಿನಲ್ಲಿ ದತ್ತ ಜಯಂತಿಯ ಹೊತ್ತಿಗೆ ಬಾಬಾಬುಡನ್‌ಗಿರಿಯ ಕಡೆ ಪ್ರವಾಸಿಗರಿಗೆ ನಿರ್ಬಂಧ ಹಾಕುವುದು ವಾಡಿಕೆ. ಪಂಚಾಂಗ ನೋಡಿ ದಿನ ಗೊತ್ತುಮಾಡಿ.

2. ಮನೆಯಲ್ಲಿ ತೆಗೆದಿಡಬೇಕಾದದ್ದು

ದಪ್ಪ ಹತ್ತಿಯ ಕಾಲುಚೀಲ ಎರಡು ಜೊತೆ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರು ಕಡೆಯೂ ಚಪ್ಪಲಿ ಬಿಡಬೇಕು, ಮಧ್ಯಾಹ್ನದ ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಬರಿಗಾಲಿನಲ್ಲಿ ನಿಂತು ಯಾರೂ ಶಿಲ್ಪ ನೋಡಲಾರರು. ಒಂದು ಟಾರ್ಚು, ಗುಡಿಯ ಒಳಗಿನ ಕಂಬಗಳಿಗೆ ಮೊಬೈಲಿನ ಬೆಳಕು ಸಾಲದು. ಒಂದು ದಪ್ಪ ಸ್ವೆಟರು, ಗೆಳೆಯ ತಂದಿರುವುದಿಲ್ಲ, "ಮೇ ತಿಂಗಳಲ್ಲಿ ಚಳಿಯೇ?" ಎನ್ನುತ್ತಾನೆ, ಗಿರಿಯ ಮೇಲೆ ಗಾಳಿ ಬೀಸಿದಾಗ ನಿಮ್ಮದನ್ನೇ ಕೇಳುತ್ತಾನೆ. ಚಿಲ್ಲರೆ ಹಣ, ಬೆಟ್ಟದ ಮೇಲೆ ಮೊಬೈಲ್ ಸಂಪರ್ಕ ಹೋಯಿತೆಂದರೆ ಜೀಪಿನವರಿಗೂ ಜೋಳದ ತೆನೆ ಮಾರುವವರಿಗೂ ನೋಟೇ ಬೇಕು. ಮಳೆಗಾಲವಾದರೆ ಉಪ್ಪು ಮತ್ತು ಸುಣ್ಣ. ಅದು ಉಂಬಳಕ್ಕೆ. ಉಂಬಳ ಎಂದರೆ ಮಲೆನಾಡಿನ ನೆಲದ ಜಿಗಣೆ. ಕಚ್ಚಿದ್ದು ಗೊತ್ತಾಗುವುದಿಲ್ಲ, ರಕ್ತ ಹರಿದ ಮೇಲೆ ಗೊತ್ತಾಗುತ್ತದೆ. ಎಳೆದು ಕೀಳಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬಿಡುತ್ತದೆ.

3. ನಕ್ಷೆಯನ್ನು ಮೂರು ತುಂಡು ಮಾಡಿ

ಎರಡು ಜಿಲ್ಲೆಗಳ ಪಟ್ಟಿಯನ್ನು ನೋಡಿ ಎಲ್ಲವನ್ನೂ ತುರುಕಲು ಹೋಗುವುದೇ ಹೆಚ್ಚಿನವರು ಮಾಡುವ ತಪ್ಪು. ಕಾಗದ ತೆಗೆದುಕೊಂಡು ಮೂರು ಭಾಗ ಬರೆಯಿರಿ. ಒಂದು, ಗುಡಿಗಳ ಬಯಲು: ಬೇಲೂರು, ಹಳೇಬೀಡು, ಬೆಳವಾಡಿ, ದೊಡ್ಡಗದ್ದವಳ್ಳಿ, ದೂರಕ್ಕೆ ಶ್ರವಣಬೆಳಗೊಳ. ಎರಡು, ಗಿರಿ: ಸೀತಾಳಯ್ಯನಗಿರಿ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ. ಮೂರು, ಮಳೆಯ ಸೀಮೆ: ಸಕಲೇಶಪುರ, ಮೂಡಿಗೆರೆ, ಕೊಟ್ಟಿಗೆಹಾರ. ಒಂದು ದಿನಕ್ಕೆ ಒಂದೇ ಭಾಗ. ಬೆಳಗ್ಗೆ ಒಂದು ದೊಡ್ಡ ಜಾಗ, ಸಂಜೆ ಒಂದು ಚಿಕ್ಕ ಜಾಗ, ನಡುವೆ ಊಟ ಮತ್ತು ಒಂದು ಗಂಟೆ ಏನೂ ಇಲ್ಲ.

ಆ ಒಂದು ಗಂಟೆಯನ್ನು ಯಾರೂ ಬಿಡಲು ಒಪ್ಪುವುದಿಲ್ಲ, ಅದಕ್ಕೇ ನನ್ನದೊಂದು ಉದಾಹರಣೆ. ಉಡುಪಿ ಕಡೆಯ ಗೆಳೆಯ ಮೊದಲ ಸಲ ಬಂದಾಗ ಮೂರು ದಿನದಲ್ಲಿ ಹದಿಮೂರು ಜಾಗ ತೋರಿಸಿದೆ. ಬೆಳವಾಡಿಯ ಹೊತ್ತಿಗೆ ಅವನು ಕಾರಿನಲ್ಲಿ ನಿದ್ದೆ ಹೋಗಿದ್ದ. ಕೊನೆಯ ದಿನ ಬಸ್ ನಿಲ್ದಾಣದಲ್ಲಿ ಚೀಲ ಹೆಗಲಿಗೇರಿಸಿಕೊಂಡು, "ಅಮ್ಮ ಯಾರ ಮನೆಯಲ್ಲಿದ್ದಾರೆ ಮಾರಾಯ, ಕಾಣಲೇ ಇಲ್ಲ?" ಎಂದು ಕೇಳಿದ. ಅಮ್ಮ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅದನ್ನು ಹೇಳುವಷ್ಟು ಹೊತ್ತು ಮೂರು ದಿನಗಳಲ್ಲಿ ನಾನು ಬಿಟ್ಟಿರಲಿಲ್ಲ.

ದೂರದ ಲೆಕ್ಕ ಇಷ್ಟು ತಿಳಿದಿದ್ದರೆ ಸಾಕು: ಹಾಸನದಿಂದ ಬೇಲೂರಿಗೆ ಸುಮಾರು 40 ಕಿಲೋಮೀಟರ್, ಹಳೇಬೀಡಿಗೆ ಸುಮಾರು 30. ಬೇಲೂರು ಮತ್ತು ಹಳೇಬೀಡಿನ ನಡುವೆ 16. ಚಿಕ್ಕಮಗಳೂರಿನಿಂದ ಬೇಲೂರಿಗೆ ಸುಮಾರು 25. ಬಯಲಿನಲ್ಲಿ ಗಂಟೆಗೆ 40 ಕಿಲೋಮೀಟರ್ ಹಿಡಿಯಿರಿ, ಗಿರಿಯ ರಸ್ತೆಯಲ್ಲಿ ಅದರ ಅರ್ಧ.

4. ಮೊದಲ ದಿನ: ಗುಡಿಗಳು

ಮೊದಲ ದಿನವೇ ಗಿರಿಗೆ ಹೋಗಬೇಡಿ. ಪ್ರಯಾಣ ಮಾಡಿ ಬಂದ ಮೈ ಇನ್ನೂ ಹದಕ್ಕೆ ಬಂದಿರುವುದಿಲ್ಲ. ಗುಡಿ ಸುತ್ತುವುದು ನಿಧಾನದ ಕೆಲಸ, ಮಾತಿಗೂ ಎಡೆಯಿರುತ್ತದೆ.

ಬೇಲೂರು ಮೊದಲು, ಹಳೇಬೀಡು ಆಮೇಲೆ. ಇದಕ್ಕೆ ಕಾರಣವಿದೆ. ಬೇಲೂರಿನ ಚೆನ್ನಕೇಶವ ಇಂದಿಗೂ ನಿತ್ಯಪೂಜೆ ನಡೆಯುವ ದೇವರು. ಮಧ್ಯಾಹ್ನ ಸ್ವಲ್ಪ ಹೊತ್ತು ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಎಂಟು ಗಂಟೆಗೆ ಅಲ್ಲಿರಿ, ಅಂಗಳದ ಕಲ್ಲು ಇನ್ನೂ ತಣ್ಣಗಿರುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನ ತಲಕಾಡಿನ ಗೆಲುವಿನ ನಂತರ 1117ರಲ್ಲಿ ಇದನ್ನು ಪ್ರತಿಷ್ಠೆ ಮಾಡಿಸಿದ. ಇದನ್ನೂ ಹಳೇಬೀಡನ್ನೂ ಸೋಮನಾಥಪುರವನ್ನೂ ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೆಳೆಯನಿಗೆ ಇಷ್ಟು ಇತಿಹಾಸ ಸಾಕು, ಉಳಿದದ್ದನ್ನು ಕಣ್ಣಿಗೆ ಬಿಡಿ.

ಕೆಲವು ಪದಗಳನ್ನು ಮಾತ್ರ ಮೊದಲೇ ಹೇಳಿಕೊಡಿ. ಜಗತಿ: ಗುಡಿಯ ಗೋಡೆಯ ಆಕಾರವನ್ನೇ ಅನುಸರಿಸಿ ಹೊರಚಾಚಿದ ಎತ್ತರದ ಕಟ್ಟೆ, ಅದರ ಮೇಲೆಯೇ ಪ್ರದಕ್ಷಿಣೆ. ಮದನಿಕೆ: ಗೋಡೆಯ ಮೇಲ್ಭಾಗದಲ್ಲಿ ಸೂರಿನಡಿ ಓರೆಯಾಗಿ ನಿಲ್ಲಿಸಿದ ಹೆಣ್ಣಿನ ಶಿಲ್ಪ. ಬಳಪದ ಕಲ್ಲು: ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಕಲ್ಲು, ಇಷ್ಟು ನವಿರಾದ ಕೆತ್ತನೆ ಸಾಧ್ಯವಾದದ್ದು ಅದರಿಂದಲೇ. ಗೆಳೆಯನನ್ನು ಒಂದು ಮದನಿಕೆಯ ನೇರ ಕೆಳಗೆ ನಿಲ್ಲಿಸಿ ತಲೆ ಎತ್ತಿಸಿ. ಅವಳ ಬಳೆಗೂ ತೋಳಿಗೂ ನಡುವೆ, ಬಳ್ಳಿಯ ಚಪ್ಪರಕ್ಕೂ ತಲೆಗೂ ನಡುವೆ ಬೆಳಕು ಹಾಯುವುದು ಕಾಣುತ್ತದೆ. ಎದುರಿನಿಂದ ತೆಗೆದ ಫೋಟೋದಲ್ಲಿ ಅದು ಎಂದೂ ಕಾಣುವುದಿಲ್ಲ. ಕೆಲವು ಶಿಲ್ಪಗಳ ಪೀಠದಲ್ಲಿ ಮಾಡಿದವರ ಹೆಸರಿದೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹಾಗೆ ಹೆಸರು ಬಿಟ್ಟುಹೋದವರು. ಹಳಗನ್ನಡದ ಆ ಅಕ್ಷರಗಳನ್ನು ಇಬ್ಬರೂ ಕೂಡಿ ಬಿಡಿಸಲು ಯತ್ನಿಸಿ. ಅರ್ಧ ಗಂಟೆ ಹೋದದ್ದೇ ತಿಳಿಯುವುದಿಲ್ಲ. ಒಳಗೆ ನರಸಿಂಹ ಕಂಬಕ್ಕೆ ಟಾರ್ಚನ್ನು ಎದುರಿನಿಂದ ಹಾಯಿಸಬೇಡಿ, ಪಕ್ಕದಿಂದ ಹಾಯಿಸಿ. ನೆರಳು ಬಿದ್ದಾಗಲೇ ಚಿಕ್ಕ ಚಿಕ್ಕ ಮೂರ್ತಿಗಳು ಎದ್ದು ಕಾಣುತ್ತವೆ.

ಮಾರ್ಗದರ್ಶಿಯನ್ನು ತೆಗೆದುಕೊಳ್ಳಬೇಕೇ? ಬೇಲೂರಿನಲ್ಲಿ ತೆಗೆದುಕೊಳ್ಳಿ. ಗುರುತಿನ ಚೀಟಿ ಇರುವವರನ್ನೇ ಕರೆಯಿರಿ, ಹಣವನ್ನು ಮೊದಲೇ ಮಾತನಾಡಿ, ಕನ್ನಡದಲ್ಲೇ ಹೇಳಿ ಎಂದು ಕೇಳಿ. ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸುವವರೇ ಕನ್ನಡಕ್ಕೆ ಹೊರಳಿದ ಕೂಡಲೇ ಮನೆಯ ಕಥೆ ಹೇಳುವಂತೆ ಹೇಳುತ್ತಾರೆ. ಹಳೇಬೀಡಿಗೆ ಬೇಡ. ಅಲ್ಲಿ ಗೋಡೆಯೇ ಹೇಳುತ್ತದೆ.

ಹಳೇಬೀಡಿಗೆ ಮೂರು ಗಂಟೆಯ ನಂತರ ಹೋಗಿ. ಹೊಯ್ಸಳೇಶ್ವರ ಗುಡಿಯ ಪಶ್ಚಿಮದ ಗೋಡೆಗೆ ಇಳಿಬಿಸಿಲು ಓರೆಯಾಗಿ ಬೀಳುವ ಹೊತ್ತು ಅದು. ಇದೇ ದ್ವಾರಸಮುದ್ರ, ಹೊಯ್ಸಳರ ರಾಜಧಾನಿ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದದ್ದೂ ಇಲ್ಲಿಗೇ. ಗೋಡೆಯನ್ನು ಬುಡದಿಂದ ಓದಲು ಹೇಳಿ: ಮೊದಲು ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮತ್ತೆ ಬಳ್ಳಿ, ಪುರಾಣದ ಕಥೆಗಳು, ಮಕರ, ಹಂಸ. ಕಥೆಯ ಸಾಲು ಬಂದಾಗ ನಿಧಾನ ಮಾಡಿ. ಅದರ ಮೇಲಿನ ದೊಡ್ಡ ಮೂರ್ತಿಗಳಲ್ಲಿ ರಾವಣ ಕೈಲಾಸವನ್ನು ಎತ್ತುವ ಶಿಲ್ಪವನ್ನು ಬಿಡಬೇಡಿ. ಕೆಳಗೆ ಹಲವು ತಲೆ, ಹಲವು ತೋಳಿನ ರಾವಣ ಮೊಣಕಾಲೂರಿ ಬೆನ್ನು ಕೊಟ್ಟಿದ್ದಾನೆ. ಅವನ ಮೇಲೆ ಬೆಟ್ಟ, ಬೆಟ್ಟದ ತುಂಬ ಅಂತಸ್ತು ಅಂತಸ್ತಾಗಿ ಗಣಗಳು, ಪ್ರಾಣಿಗಳು. ತುದಿಯಲ್ಲಿ ಶಿವ ಪಾರ್ವತಿಯರು. ಎದುರಿಗೆ ನಿಂತು ಪ್ರಾಣಿಗಳನ್ನು ಎಣಿಸಿ ನೋಡಿ. ಇಬ್ಬರ ಲೆಕ್ಕ ಹೊಂದುವುದಿಲ್ಲ.

"ಶಿಖರ ಎಲ್ಲಿ?" ಎಂದು ಗೆಳೆಯ ಕೇಳಿಯೇ ಕೇಳುತ್ತಾನೆ. ಬೇಲೂರು, ಹಳೇಬೀಡು ಎರಡು ಗುಡಿಗಳ ಮೇಲೂ ಈಗ ಶಿಖರವಿಲ್ಲ. ಹೊಯ್ಸಳ ಶಿಖರ ನೋಡಬೇಕೆಂದರೆ ದೊಡ್ಡಗದ್ದವಳ್ಳಿಯ ಲಕ್ಷ್ಮೀ ಗುಡಿಗೆ ಕರೆದುಕೊಂಡು ಹೋಗಿ. ಹಾಸನದಿಂದ ಬೇಲೂರಿಗೆ ಹೋಗುವ ಹಾದಿಯಿಂದ ಸ್ವಲ್ಪ ಒಳಗೆ, ಕೆರೆಯ ದಂಡೆಯಲ್ಲಿದೆ. ಬೇಲೂರಿಗಿಂತ ಕೆಲವು ವರ್ಷ ಹಳೆಯದು, ನಾಲ್ಕು ಗರ್ಭಗುಡಿಗಳದ್ದು, ಕಟ್ಟಿಸಿದವರು ದೊರೆಯಲ್ಲ, ಒಬ್ಬ ವರ್ತಕ ಮತ್ತು ಅವನ ಹೆಂಡತಿ. ಚಿಕ್ಕಮಗಳೂರಿನಿಂದ ಹೊರಟವರಿಗೆ ಬೆಳವಾಡಿಯ ವೀರನಾರಾಯಣ ಹತ್ತಿರ. ಅಲ್ಲಿಯ ಕಂಬಗಳು ಕಡೆದಿಟ್ಟಂತೆ ನುಣುಪು, ಮುಖ ಕಾಣುವಷ್ಟು ಹೊಳಪು. ಎರಡರಲ್ಲಿ ಒಂದನ್ನು ಮಾತ್ರ ಆರಿಸಿ. ಎರಡನ್ನೂ ಸೇರಿಸಿದರೆ ಗೆಳೆಯ ಕಾರಿನಲ್ಲಿ ಮಲಗುತ್ತಾನೆ, ನಾನು ಕಂಡವನು.

ಗೆಳೆಯನಿಗೆ ಕನ್ನಡದ ಹುಚ್ಚಿದ್ದರೆ ಬೇಲೂರು ತಾಲೂಕಿನ ಹಲ್ಮಿಡಿಗೆ ಅರ್ಧ ಗಂಟೆ ಕೊಡಿ. ಕ್ರಿ.ಶ. 450ರ ಸುಮಾರಿನ ಕನ್ನಡ ಶಾಸನ ಸಿಕ್ಕಿದ್ದು ಅಲ್ಲಿಯೇ. ಮೂಲ ಕಲ್ಲು ಈಗ ಅಲ್ಲಿಲ್ಲ, ಊರಿನಲ್ಲಿರುವುದು ಪ್ರತಿಕೃತಿ. ಇದನ್ನು ಹೊರಡುವ ಮೊದಲೇ ಹೇಳಿಬಿಡಿ. ಅಲ್ಲಿಗೆ ಹೋದ ಮೇಲೆ ತಿಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ.

5. ಎರಡನೆಯ ದಿನ: ಗಿರಿ

ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರ, ಸುಮಾರು 1,930 ಮೀಟರ್. ಮೊದಲ ಕೆಲಸ ವಾಹನದ ನೋಂದಣಿ. ಗಿರಿಗೆ ಹೋಗುವ ವಾಹನಗಳ ಸಂಖ್ಯೆಗೆ ಜಿಲ್ಲಾಡಳಿತ ಮಿತಿ ಹಾಕಿದೆ. ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಭಾಗ ಮಾಡಿ ಆನ್‌ಲೈನ್‌ನಲ್ಲಿ ಮುಂಗಡ ನೋಂದಣಿ ಮಾಡಿಸಿಕೊಳ್ಳುತ್ತದೆ. "ನಾವು ಊರಿನವರು, ಬಿಡುತ್ತಾರೆ" ಎಂಬ ಧೈರ್ಯದಲ್ಲಿ ಕೈಮರದ ತಪಾಸಣಾ ಠಾಣೆಯವರೆಗೆ ಹೋಗಿ ಗೆಳೆಯನೆದುರು ವಾಪಸಾದವರನ್ನು ಬಲ್ಲೆ. ಹಿಂದಿನ ದಿನವೇ ಮಾಡಿಸಿ, ಚೀಟಿಯ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ.

ಬೆಳಗಿನ ಪಾಳಿಯನ್ನೇ ಹಿಡಿಯಿರಿ, ಆರು ಗಂಟೆಗೆ ಮನೆ ಬಿಡಿ. ರಸ್ತೆ ಕಿರಿದು, ತಿರುವು ಕಡಿದು, ಎದುರಿನಿಂದ ಜೀಪು ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಏರುವ ವಾಹನಕ್ಕೆ ದಾರಿ ಬಿಡುವುದು ಘಟ್ಟದ ರೂಢಿ. ಇಳಿಯುವಾಗ ಬ್ರೇಕನ್ನೇ ನಂಬಬೇಡಿ, ಎರಡನೆಯ ಗೇರಿನಲ್ಲಿ ಇಳಿಯಿರಿ. ಕೆಳಗೆ ಬಂದಾಗ ಚಕ್ರದಿಂದ ಸುಟ್ಟ ವಾಸನೆ ಬಂದರೆ ನೀವು ತಪ್ಪು ಮಾಡಿದ್ದೀರಿ ಎಂದರ್ಥ. ನೀರು ಸುರಿಯಬೇಡಿ, ಅರ್ಧ ಗಂಟೆ ನಿಲ್ಲಿಸಿ. ಗಿರಿಯ ರಸ್ತೆಯ ಅಭ್ಯಾಸವಿಲ್ಲದಿದ್ದರೆ ಬಾಡಿಗೆ ಜೀಪೇ ಲೇಸು, ಅದರಲ್ಲಿ ಅವಮಾನವೇನಿಲ್ಲ.

ಕೊನೆಯ ಭಾಗ ಮೆಟ್ಟಿಲು. ಎಣಿಸಿದವರು ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಐನೂರರ ಹತ್ತಿರ ಎಂದುಕೊಂಡು ಹೊರಡಿ. ನಡುನಡುವೆ ಕೂರಿ. ತುದಿಯಲ್ಲಿ ಚಿಕ್ಕ ಗುಡಿ, ಸುತ್ತ ಕಲ್ಲಿನ ಅಂಗಳ. ಮಂಜು ಕವಿದಿದ್ದರೆ ಹತ್ತಡಿ ಮುಂದೆ ಕಾಣುವುದಿಲ್ಲ, ಗೆಳೆಯನ ಮುಖ ಬಾಡುತ್ತದೆ. ಕೂಡಲೇ ಇಳಿಯಬೇಡಿ. ಗಾಳಿಗೆ ಮುಖ ಕೊಟ್ಟು ಇಪ್ಪತ್ತು ನಿಮಿಷ ಕುಳಿತಿರಿ. ಮಂಜು ಒಂದು ಕಡೆ ಹರಿದು ಕೆಳಗಿನ ಶೋಲೆ ಕಾಣುತ್ತದೆ, ಮತ್ತೆ ಮುಚ್ಚುತ್ತದೆ. ಶೋಲೆ ಎಂದರೆ ಬೆಟ್ಟದ ಮಡಿಲಲ್ಲಿ, ಹುಲ್ಲುಗಾವಲಿನ ನಡುವೆ, ನೀರಿನ ಸೆಲೆಯಿರುವ ಕಡೆ ಮಾತ್ರ ಒತ್ತಾಗಿ ಬೆಳೆಯುವ ಗಿಡ್ಡ ಕಾಡು. ನನ್ನ ಉಡುಪಿಯ ಗೆಳೆಯ ಎರಡನೆಯ ಸಲ ಬಂದಾಗ ಆ ಬಿಳಿಯನ್ನು ನೋಡುತ್ತ, "ಅಲ್ಲಿ ಕೆಳಗೆ ಕಡಲಿದೆ ಎಂದರೂ ನಂಬುತ್ತೇನೆ" ಎಂದ. ಇಲ್ಲಿಂದ ಕಡಲು ಕಾಣುತ್ತದೆಯೇ ಎಂದು ಹಲವರು ಕೇಳುತ್ತಾರೆ. ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ.

ಮಧ್ಯಾಹ್ನಕ್ಕೆ ಮೊದಲು ಬಾಬಾಬುಡನ್‌ಗಿರಿ. ಗುರು ದತ್ತಾತ್ರೇಯ ಪೀಠವೆಂದು ನಡೆದುಕೊಳ್ಳುವವರೂ ಬಾಬಾಬುಡನ್ ಸ್ವಾಮಿಯ ದರ್ಗಾ ಎಂದು ನಡೆದುಕೊಳ್ಳುವವರೂ ಒಂದೇ ಗುಹೆಗೆ ಬರುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಯೆಮನ್‌ನಿಂದ ಏಳು ಕಾಫಿ ಬೀಜ ತಂದು ಈ ಬೆಟ್ಟದಲ್ಲಿ ಬಿತ್ತಿದರು ಎಂಬ ಪ್ರತೀತಿ ಇಲ್ಲಿಯದೇ. ರಾಜಕೀಯದ ಚರ್ಚೆಯನ್ನು ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ.

ಪ್ಲಾಸ್ಟಿಕ್ ಬಾಟಲಿ, ತಿಂಡಿಯ ಪೊಟ್ಟಣ ಗಿರಿಗೆ ಒಯ್ಯಬೇಡಿ. ಸ್ಟೀಲಿನ ಬಾಟಲಿ ಇರಲಿ. ಮೇಲೆ ಶೌಚಾಲಯವನ್ನು ನೆಚ್ಚಿಕೊಳ್ಳಬೇಡಿ, ಪೇಟೆಯಲ್ಲೇ ಮುಗಿಸಿ ಹೊರಡಿ.

6. ಅದೇ ದಿನ ಸಂಜೆ: ಕಾಫಿ ತೋಟ

ತೋಟ ತೋರಿಸಲು ರೆಸಾರ್ಟು ಬೇಡ. ನಿಮಗೋ ನಿಮ್ಮ ನೆಂಟರಿಗೋ ನಾಲ್ಕು ಎಕರೆ ಇದ್ದೇ ಇರುತ್ತದೆ. ಇಲ್ಲದಿದ್ದರೆ ಪರಿಚಯದ ಬೆಳೆಗಾರರನ್ನು ಕೇಳಿ, ಕೇಳದೆ ಬೇಲಿ ದಾಟಬೇಡಿ. ಕೊಯ್ಲಿನ ದಿನಗಳಲ್ಲಿ ಹೋದರೆ ಕೆಲಸದವರ ದಾರಿಗೆ ಅಡ್ಡ ನಿಲ್ಲಬೇಡಿ. ಕೊಯ್ದ ಹಣ್ಣಿನ ತೂಕದ ಮೇಲೆ ಅವರ ಕೂಲಿ. ಅವರ ಫೋಟೋ ತೆಗೆಯುವುದಿದ್ದರೆ ಒಂದು ಮಾತು ಕೇಳಿ.

ಗೆಳೆಯನ ಅಂಗೈಗೆ ಒಂದು ಕೆಂಪು ಹಣ್ಣನ್ನು ಇಡಿ, ಹಿಚುಕಲು ಹೇಳಿ. ಸಿಪ್ಪೆ ಸೀಳಿ ಎರಡು ಬೀಜ ಚಿಮ್ಮುತ್ತವೆ, ಬೆರಳಿಗೆ ಲೋಳೆ ಅಂಟುತ್ತದೆ. ಲೋಳೆಯನ್ನು ನೆಕ್ಕಿದರೆ ಸಿಹಿ. ಒಳಗೆ ಗರಿಗರಿಯಾದ ತೆಳು ಕವಚ, ಅದರೊಳಗೆ ಬೆಳ್ಳಿಯಂಥ ಇನ್ನೊಂದು ಪೊರೆ, ಅದರೊಳಗೆ ಬೂದು ಹಸಿರಿನ ಬೀಜ. ಮೂಸಿ ನೋಡಿದರೆ ಕಾಫಿಯ ವಾಸನೆ ಒಂದಿಷ್ಟೂ ಇಲ್ಲ. ಅದೆಲ್ಲ ಹುರಿದಾಗ ಹುಟ್ಟುವುದು. ಎರಡು ಬೀಜದ ಬದಲು ಒಂದೇ ದುಂಡು ಬೀಜ ಸಿಕ್ಕಿದರೆ ಅದು ಪೀಬೆರಿ. ದಿನವೂ ಮೂರು ಲೋಟ ಕುಡಿಯುವವರು ಇದನ್ನೊಮ್ಮೆಯೂ ನೋಡಿರುವುದಿಲ್ಲ.

ಪೇಟೆಯ ಧಾರಣೆಯಲ್ಲಿ ಬರುವ ಎರಡು ಪದಗಳನ್ನೂ ಇಲ್ಲಿಯೇ ಬಿಡಿಸಿ ಹೇಳಿ. ಹಣ್ಣನ್ನು ಪಲ್ಪರ್ ಯಂತ್ರಕ್ಕೆ ಹಾಕಿ ಸಿಪ್ಪೆ ತೆಗೆದು, ಲೋಳೆ ತೊಳೆದು, ತೆಳು ಕವಚದೊಂದಿಗೆ ಒಣಗಿಸಿದ್ದು ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಕಣದಲ್ಲಿ ಹರವಿ ಕಪ್ಪಾಗುವವರೆಗೆ ಒಣಗಿಸಿದ್ದು ಚೆರಿ. ಎರಡರ ಧಾರಣೆಯೂ 50 ಕೆ.ಜಿ. ಚೀಲದ ಲೆಕ್ಕದಲ್ಲಿ. ಅರೇಬಿಕಾ ಗಿಡದ ಎಲೆ ಚಿಕ್ಕದು, ರೊಬಸ್ಟಾ ಎಲೆ ಅಗಲ. ಇಷ್ಟು ಗುರುತು ಹೇಳಿಕೊಟ್ಟರೆ ವಾಪಸು ಹೋಗುವಾಗ ಗೆಳೆಯ ಕಾರಿನ ಕಿಟಕಿಯಿಂದ ತೋಟಗಳನ್ನು ವಿಂಗಡಿಸುತ್ತ ಕೂರುತ್ತಾನೆ. ಮೇಲಿನ ಮರಗಳು ಅಲಂಕಾರಕ್ಕಲ್ಲ, ನೆರಳಿಗೆ; ಮಳೆಗಾಲಕ್ಕೆ ಮುಂಚೆ ಅವುಗಳ ಕೊಂಬೆ ಸವರಿ ಬೆಳಕು ಬಿಡುವುದಕ್ಕೆ ಮರಗಸಿ ಎನ್ನುತ್ತಾರೆ.

ಕಾಡಾನೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲೂಕುಗಳ ತೋಟಗಳಲ್ಲಿ ಆನೆಗಳ ಓಡಾಟವಿದೆ, ಜನ ಸತ್ತಿದ್ದಾರೆ. ಹೊರಡುವ ಮೊದಲು ಆ ಊರಿನವರಿಗೆ ಫೋನು ಮಾಡಿ ಇವತ್ತು ಆನೆ ಎಲ್ಲಿವೆ ಎಂದು ವಿಚಾರಿಸಿ. ಬೆಳಕು ಹರಿಯುವ ಮೊದಲು, ಕತ್ತಲಾದ ಮೇಲೆ ತೋಟದೊಳಗೆ ನಡೆಯಬೇಡಿ. ಆನೆ ಕಂಡರೆ ಗೆಳೆಯನ ಮೊಬೈಲನ್ನು ಜೇಬಿಗೆ ಹಾಕಿಸಿ, ಬಂದ ದಾರಿಯಲ್ಲಿ ತಿರುಗಿ.

7. ಮೂರನೆಯ ದಿನ

ಇದನ್ನು ಗೆಳೆಯನ ಆಯ್ಕೆಗೆ ಬಿಡಿ, ಎರಡೇ ದಾರಿ ಮುಂದಿಡಿ.

ಮೊದಲನೆಯದು ಶ್ರವಣಬೆಳಗೊಳ. ಹಾಸನದಿಂದ ಸುಮಾರು 50 ಕಿಲೋಮೀಟರ್. ಚಾವುಂಡರಾಯ 981ರಲ್ಲಿ ನಿಲ್ಲಿಸಿದ, 58 ಅಡಿಯ ಏಕಶಿಲಾ ಗೊಮ್ಮಟ. ಆರೂವರೆ ನೂರರಷ್ಟು ಮೆಟ್ಟಿಲು, ಬಂಡೆಯಲ್ಲೇ ಕಡಿದದ್ದು, ನೆರಳಿಲ್ಲ. ಏಳು ಗಂಟೆಗೆ ಹತ್ತಲು ಶುರುಮಾಡಿ, ಹತ್ತಕ್ಕೆ ಕೆಳಗಿರಿ. ಹತ್ತಲಾರದವರಿಗೆ ಡೋಲಿ ಇದೆ. ಪಾದದ ಪಕ್ಕದಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ಚಾವುಂಡರಾಯನ ಹೆಸರಿನ ಬರಹವಿದೆ, ತೋರಿಸಿ.

ಎರಡನೆಯದು ಸಕಲೇಶಪುರ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಹೆದ್ದಾರಿಯ ಪಕ್ಕದಲ್ಲೇ ಇದೆ. ನಕ್ಷತ್ರದ ಆಕಾರದ್ದು, ಆದರೆ ಆ ಆಕಾರ ಆಕಾಶದಿಂದ ಮಾತ್ರ ಕಾಣುವುದು, ಗೋಡೆಯ ಮೇಲೆ ಸುತ್ತು ಹಾಕಿದಾಗ ಕಾಲಿಗೆ ತಿಳಿಯುತ್ತದೆ. ಗೋಡೆಗೆ ತಡೆಯಿಲ್ಲ, ಮಳೆಯಲ್ಲಿ ಪಾಚಿ ಜಾರುತ್ತದೆ. ಸಕಲೇಶಪುರದಿಂದ ಕೆಳಗೆ ರೈಲು ಹಳಿಯ ಮೇಲೆ ನಡೆಯುವ ಚಾರಣವನ್ನು ಹಳೆಯ ನೆನಪಿಗೆ ಯಾರಾದರೂ ಎತ್ತುತ್ತಾರೆ. ಅದು ನಿಷಿದ್ಧ, ಸೇತುವೆಯ ಮೇಲೆ ಸರಿಯಲು ಜಾಗವೂ ಇಲ್ಲ.

ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚಿನ ಬಗ್ಗೆಯೂ ಕೇಳುತ್ತಾರೆ. ಮಳೆಗಾಲದಲ್ಲಿ ನೀರಿನೊಳಗೆ, ಬೇಸಿಗೆಯಲ್ಲಿ ದಂಡೆಯ ಮೇಲೆ. ದೂರದಿಂದ ನೋಡಿ, ಗೋಡೆಗಳು ಶಿಥಿಲವಾಗಿವೆ, ಒಳಗೆ ಹೋಗುವುದು ಬೇಡ.

8. ಊಟ

ಮೂರು ದಿನದಲ್ಲಿ ಕನಿಷ್ಠ ಎರಡು ರಾತ್ರಿ ಮನೆಯಲ್ಲೇ ಊಟ. ಚಿಕ್ಕಮಗಳೂರಿನ ಕಡೆಯವರಾದರೆ ಅಕ್ಕಿ ರೊಟ್ಟಿ, ಕಡುಬು. ಮಳೆಗಾಲವಾದರೆ ಕಳಲೆಯ ಪಲ್ಯ. ಕಳಲೆ ಎಂದರೆ ಎಳೆ ಬಿದಿರು. ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿದ ಮೇಲೆಯೇ ಬೇಯಿಸುವುದು, ಹಾಗಾಗಿ ಗೆಳೆಯ ಬರುವ ಮೊದಲೇ ತಯಾರಿ ಬೇಕು. ಹಾಸನದ ಬಯಲಿನವರಾದರೆ ಮುದ್ದೆ ಮತ್ತು ಸೊಪ್ಪಿನ ಸಾರು. ಕರಾವಳಿಯ ಗೆಳೆಯನಿಗೆ ಮೀನು ಮಾಡಿ ಮೆಚ್ಚಿಸಲು ಹೋಗಬೇಡಿ, ಅದು ನಡೆಯುವ ಆಟವಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿ. ಮೊದಲ ತುತ್ತಿಗೆ ಅವನ ಮುಖ ನೋಡುವುದೇ ಒಂದು ಸೊಗಸು.

9. ಬೀಳ್ಕೊಡುವುದು

"ಇಷ್ಟು ದೂರ ಬಂದಿದ್ದೇನೆ, ಸಮುದ್ರವನ್ನೂ ನೋಡಿಬಿಡೋಣವೇ?" ಎಂದು ದೂರದ ಊರಿನ ಗೆಳೆಯರು ಮೂರನೆಯ ದಿನ ಕೇಳುತ್ತಾರೆ. ಚಿಕ್ಕಮಗಳೂರಿನಿಂದ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಸುಮಾರು 150 ಕಿಲೋಮೀಟರ್. ಒಂದೇ ದಿನದಲ್ಲಿ ಹೋಗಿ ಬರುವುದೆಂದರೆ ಇಡೀ ದಿನ ರಸ್ತೆಯ ಮೇಲೆ. ಹೋಗಿ ಬರಬೇಡಿ. ಅವರ ಮುಂದಿನ ಪ್ರಯಾಣ ಮಂಗಳೂರಿನಿಂದಲೇ ಇದ್ದರೆ ಮಾತ್ರ ಆ ದಾರಿಯಲ್ಲಿ ಬಿಟ್ಟುಬನ್ನಿ. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿಂದು ಹಗಲಿನಲ್ಲೇ ಇಳಿಯಿರಿ. ತಿರುವಿನಲ್ಲಿ ಜಲಪಾತ ಕಂಡಿತೆಂದು ವಾಹನ ನಿಲ್ಲಿಸಬೇಡಿ, ಮಂಗಗಳಿಗೆ ತಿಂಡಿ ಎಸೆಯಬೇಡಿ. ಹಾಸನದವರಿಗೆ ಶಿರಾಡಿ ಘಾಟಿ ಹತ್ತಿರ; ಮಳೆಗಾಲದಲ್ಲಿ ಎರಡು ಘಾಟಿಗಳಲ್ಲೂ ಗುಡ್ಡ ಕುಸಿಯುವುದುಂಟು, ಬೆಳಗ್ಗೆ ವಿಚಾರಿಸಿಯೇ ಹೊರಡಿ. ಹಾಸನದಿಂದ ಮಂಗಳೂರಿಗೆ ಹಗಲಿನ ರೈಲು ಓಡುತ್ತಿದ್ದರೆ ಅದಕ್ಕೇ ಹತ್ತಿಸಿ. ಸಕಲೇಶಪುರ ದಾಟಿದ ಮೇಲೆ ಸುರಂಗದ ಹಿಂದೆ ಸುರಂಗ, ಸೇತುವೆಯ ಹಿಂದೆ ಸೇತುವೆ.

ಕೊಟ್ಟು ಕಳುಹಿಸಲು ಕಾಫಿ ಪುಡಿ. ಹೊರಡುವ ದಿನವೇ ಪುಡಿ ಮಾಡಿಸಿ. ಅಂಗಡಿಯವರು "ಚಿಕೋರಿ ಎಷ್ಟು?" ಎಂದು ಕೇಳುತ್ತಾರೆ. ಚಿಕೋರಿ ಎಂದರೆ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ, ಡಿಕಾಕ್ಷನ್‌ಗೆ ಗಾಢ ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಗೆಳೆಯನ ಮನೆಯಲ್ಲಿ ಫಿಲ್ಟರ್ ಇದೆಯೇ ಎಂದು ಮೊದಲು ಕೇಳಿ. ಇದ್ದರೆ ನೂರಕ್ಕೆ ಇಪ್ಪತ್ತು ಚಿಕೋರಿ ಹಾಕಿಸಿ, ಪುಡಿ ತರಿತರಿಯಾಗಿರಲಿ. ಇಲ್ಲದಿದ್ದರೆ ಒಂದು ಹಿತ್ತಾಳೆಯ ಫಿಲ್ಟರನ್ನೂ ಚೀಲಕ್ಕೆ ಹಾಕಿ. ಯಂತ್ರದಿಂದ ಬಂದ ಪುಡಿ ಬಿಸಿ ಇರುತ್ತದೆ. ಆರುವ ಮೊದಲು ಪೊಟ್ಟಣ ಬಿಗಿಯಬಾರದು, ಒಳಗೆ ಬೆವರಿ ಗಂಟು ಕಟ್ಟುತ್ತದೆ. ಪೊಟ್ಟಣದ ಮೇಲೆ ತಾರೀಖು ಬರೆಯಿರಿ, ಮೂರು ವಾರದೊಳಗೆ ಮುಗಿಸು ಎಂದು ಹೇಳಿ. ಅರ್ಧ ಕೆ.ಜಿ.ಗಿಂತ ಹೆಚ್ಚು ಕೊಡಬೇಡಿ. ಖಾಲಿಯಾದ ಮೇಲೆ ಫೋನು ಮಾಡುತ್ತಾನೆ.